ಟ್ರೋಲಿಂಗ್ ಮೋಟಾರ್ ಬ್ಯಾಟರಿಗೆ ಆನ್‌ಬೋರ್ಡ್ ಚಾರ್ಜರ್: ಮಿನ್ ಕೋಟಾ 330 ಯಾಕೆ ತಗೊಂಡೆ

ಆನ್‌ಬೋರ್ಡ್ ಚಾರ್ಜರ್ (ದೋಣಿಯಲ್ಲೇ ಕಾಯಂ ಕೂರಿಸುವ ಚಾರ್ಜರ್) ಹುಡುಕುವವರು ಮೊದಲು ಡಬ್ಬಿ ಮೇಲಿನ ದೊಡ್ಡ ನಂಬರ್ ನಂಬೋದು ಬಿಡಬೇಕು. ಮಿನ್ ಕೋಟಾದವರ 210 ಅಂದರೆ ಎರಡು ಬ್ಯಾಂಕ್ (ಬ್ಯಾಂಕ್ ಅಂದರೆ ಒಂದು ಬ್ಯಾಟರಿಗೆ ಹೋಗುವ ಔಟ್‌ಪುಟ್), ಒಟ್ಟು 10 ಆಂಪ್. ಅಂದರೆ ಒಂದು ಬ್ಯಾಟರಿಗೆ ಸಿಗೋದು ಬರೀ 5. ನೋಕೋದವರ ಜೆನ್‌ಪ್ರೊ 10ಎಕ್ಸ್2 ಅಂದರೆ ಒಂದೊಂದು ಬ್ಯಾಟರಿಗೂ 10, ಒಟ್ಟು 20. ಎರಡರ ಹೆಸರಲ್ಲೂ ಹತ್ತು ಇದೆ, ಎರಡಕ್ಕೂ ಎರಡೆರಡು ಬ್ಯಾಂಕ್ ಇದೆ, ಆದರೆ ಒಂದರ ಶಕ್ತಿ ಇನ್ನೊಂದರ ಅರ್ಧ. ಬೆಲೆಯಲ್ಲಿ ಯಾಕಿಷ್ಟು ವ್ಯತ್ಯಾಸ ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಅಲ್ಲೇ ಇದೆ.

ನಾನಿರೋದು ಮಿನೆಸೋಟಾದಲ್ಲಿ. ಹದಿನಾರು ಅಡಿಯ ಅಲ್ಯೂಮಿನಿಯಂ ದೋಣಿ, ಮುಂದೆ 24 ವೋಲ್ಟ್‌ನ ಟ್ರೋಲಿಂಗ್ ಮೋಟಾರ್, ಹಿಂದೆ ಪೆಟ್ರೋಲ್ ಇಂಜಿನ್. ಇದರ ಪರಿಚಯ ಇಲ್ಲದವರಿಗೆ: ಮೀನಿರುವ ಜಾಗಕ್ಕೆ ಇಂಜಿನ್‌ನಲ್ಲಿ ಹೋಗಿ, ಅಲ್ಲಿ ಅದನ್ನು ಆಫ್ ಮಾಡಿ, ಸದ್ದಿಲ್ಲದೆ ನಿಧಾನಕ್ಕೆ ಸಾಗಲು ಮುಂದಿನ ಈ ಕರೆಂಟ್ ಮೋಟಾರ್ ಬಳಸುತ್ತೇವೆ. ಗಾಳಿ ಜೋರಾಗಿದ್ದರೆ ದೋಣಿಯನ್ನು ಒಂದೇ ಕಡೆ ಹಿಡಿದು ನಿಲ್ಲಿಸೋದೂ ಇದೇ. ಆಗ ಬ್ಯಾಟರಿ ತಿನ್ನುವುದು ನೋಡಬೇಕು ನೀವು!

ಈಗ ಲೆಕ್ಕ. ನನ್ನವು ಸುಮಾರು 100 ಆಂಪ್ ಅವರ್‌ನ ಡೀಪ್ ಸೈಕಲ್ (ತುಂಬಾ ಹೊತ್ತು ಒಂದೇ ಸಮ ಕರೆಂಟ್ ಕೊಡುವ) ಲೆಡ್ ಆಸಿಡ್ ಬ್ಯಾಟರಿಗಳು. ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅವುಗಳ ಆಯಸ್ಸು ಕಡಿಮೆ, ಹಾಗಾಗಿ ಒಂದು ದಿನಕ್ಕೆ ಹೆಚ್ಚೆಂದರೆ 50 ಆಂಪ್ ಅವರ್ ಖರ್ಚು ಅಂದುಕೊಳ್ಳಿ. 10 ಆಂಪ್ ಚಾರ್ಜರ್‌ಗೆ ಬರೀ ಭಾಗಾಕಾರ ಮಾಡಿದರೆ ಐದು ಗಂಟೆ. ಆದರೆ ಲೆಡ್ ಆಸಿಡ್ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟ್ ಎಳೆಯೋದು ಕಡಿಮೆ ಮಾಡುತ್ತದೆ. ಕೊನೆಯ ಇಪ್ಪತ್ತು ಪರ್ಸೆಂಟ್‌ಗೇ ಗಂಟೆಗಟ್ಟಲೆ ಬೇಕು. ಏಳೆಂಟು ಗಂಟೆ ಅಂತ ಇಟ್ಟುಕೊಂಡರೆ ಸರಿ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಶನಿವಾರ ಕತ್ತಲಾದ ಮೇಲೆ ಮನೆಗೆ ಬಂದು ಭಾನುವಾರ ಬೆಳಗಿನ ಜಾವ ಐದಕ್ಕೆ ಮತ್ತೆ ಹೊರಡುವವನಿಗೆ ಇದು ಹೇಗೋ ಸಾಕಾಗುತ್ತದೆ, 5 ಆಂಪ್‌ನದು ಖಂಡಿತ ಸಾಲದು. ವಾರಕ್ಕೊಮ್ಮೆ ಮಾತ್ರ ಹೋಗುವವರಿಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ? ಅವರಿಗೆ 5 ಆಂಪ್ ಬೇಕಾದಷ್ಟಾಯಿತು.

ಎಷ್ಟು ಬ್ಯಾಂಕ್ ಬೇಕು ಅನ್ನೋದು ಎರಡನೇ ಪ್ರಶ್ನೆ. 24 ವೋಲ್ಟ್ ಅಂದರೆ ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ, ಒಂದೊಂದಕ್ಕೂ ಚಾರ್ಜರ್‌ನಿಂದ ಒಂದೊಂದು ಜೋಡಿ ವೈರ್. ಬ್ಯಾಂಕ್‌ಗಳು ಒಳಗೆ ಬೇರೆ ಬೇರೆ ಇರೋದರಿಂದ ಎರಡು ಬ್ಯಾಟರಿಗಳನ್ನು ಸೇರಿಸುವ ನಡುವಿನ ಜಂಪರ್ ವೈರ್ ಬಿಚ್ಚಬೇಕಾಗಿಲ್ಲ. ಹಾಗಾದರೆ ಎರಡು ಬ್ಯಾಂಕ್ ಸಾಕಲ್ವಾ ಅಂತ ಕೇಳಬಹುದು. ಇಂಜಿನ್ ಸ್ಟಾರ್ಟ್ ಮಾಡುವ ಮೂರನೇ ಬ್ಯಾಟರಿಯನ್ನು ಎಲ್ಲರೂ ಮರೆಯುತ್ತಾರೆ. ಇಂಜಿನ್ ಓಡುವಾಗ ಅದು ಚಾರ್ಜ್ ಆಗುತ್ತದೆ, ನಿಜ. ಆದರೆ ಹತ್ತು ನಿಮಿಷ ಇಂಜಿನ್ ಓಡಿಸಿ, ಆಮೇಲೆ ದಿನವಿಡೀ ಫಿಶ್ ಫೈಂಡರ್ ಹಚ್ಚಿಟ್ಟರೆ ಅದೆಷ್ಟು ಉಳಿದೀತು? ಅದಕ್ಕೇ ನಾನು ಮೂರು ಬ್ಯಾಂಕ್‌ನ ಮಿನ್ ಕೋಟಾ ಎಂಕೆ 330 ಪಿಸಿಎಲ್ ತಗೊಂಡೆ. ಮೂರಕ್ಕೂ ಹತ್ತು ಹತ್ತು ಆಂಪ್.

ನೋಕೋದ ಮೂರು ಬ್ಯಾಂಕ್‌ನದನ್ನೂ ನೋಡಿದ್ದೆ. ಅದು ಐಪಿ68, ಅಂದರೆ ನೀರಿನ ಭಯವಿಲ್ಲ. ಲಿಥಿಯಂಗೂ ಆಗುತ್ತದೆ. ಅದನ್ನು ತಗೊಂಡಿದ್ದರೂ ಬೇಜಾರಾಗುತ್ತಿರಲಿಲ್ಲ. ಮಿನ್ ಕೋಟಾ ಕಡೆ ಮನಸ್ಸು ವಾಲಿದ್ದು ಕಂಪನಿ ನಮ್ಮದೇ ರಾಜ್ಯದ ಮ್ಯಾಂಕೇಟೋದಲ್ಲಿದೆ ಅಂತಲ್ಲ, ಅದರ ಟೆಂಪರೇಚರ್ ಕಾಂಪೆನ್ಸೇಷನ್ ನೋಡಿ. ಚಳಿಯಲ್ಲಿ ಲೆಡ್ ಆಸಿಡ್‌ಗೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಬೇಕು, ಸೆಕೆಯಲ್ಲಿ ಕಡಿಮೆ. ಇದು ತಾನೇ ಹೊಂದಿಸಿಕೊಳ್ಳುತ್ತದೆ. ಹಾಗೆ ಚಳಿಯಲ್ಲೂ ಬ್ಯಾಟರಿ ಪೂರ್ತಿ ತುಂಬುವುದು ಇಲ್ಲಿನ ಚಳಿಗಾಲಕ್ಕೆ ಸಣ್ಣ ವಿಷಯವಲ್ಲ. ಖಾಲಿ ಬ್ಯಾಟರಿ ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೂ ಒಳಗೆ ಹೆಪ್ಪುಗಟ್ಟಿ ಬಿರಿಯಬಹುದು, ತುಂಬಿದ ಬ್ಯಾಟರಿ ಮೈನಸ್ 30ರಲ್ಲೂ ಜಗ್ಗುವುದಿಲ್ಲ.

ಮುಂಚೆ ನನ್ನ ಹತ್ತಿರ ಕ್ಲಿಪ್ ಹಾಕುವ ಚಾರ್ಜರ್ ಇತ್ತು, ಹೆಸರು ಬೇಡ. ಬೇಗ ಹಸಿರು ದೀಪ ಹತ್ತಿಸಿ ಮುಗೀತು ಅನ್ನುತ್ತಿತ್ತು. ಕಿತ್ತಿಟ್ಟು ಮಾರನೇ ದಿನ ಮಲ್ಟಿಮೀಟರ್ ಇಟ್ಟರೆ 12.3 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6, 12.7 ತೋರಿಸಬೇಕು. ಹೊಸ ಚಾರ್ಜರ್ ಹಾಕಿದ ಮೇಲೆ ಅದೇ ಬ್ಯಾಟರಿಗಳು 12.7 ತೋರಿಸುತ್ತಿವೆ. ಯಾವ ಚಾರ್ಜರ್ ತಗೊಂಡರೂ ಒಂದು ಮೀಟರ್ ಇಟ್ಟುಕೊಳ್ಳಿ, ದೀಪದ ಮಾತು ಪೂರ್ತಿ ನಂಬಬೇಡಿ.

ಕೂರಿಸುವಾಗ ಒದ್ದಾಡಿದ್ದು ಜಾಗಕ್ಕೆ. ಇದು ದೊಡ್ಡದು, ತೂಕವೂ ಇದೆ, ಖರೀದಿಗೆ ಮುಂಚೆ ಟೇಪ್ ಹಿಡಿದು ಅಳೆಯಿರಿ. ಸುತ್ತ ಗಾಳಿಯಾಡಬೇಕು. ಬ್ಯಾಟರಿಯ ನೆತ್ತಿಯ ಮೇಲಂತೂ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ವೈರ್ ಮೇಲಿನ ಫ್ಯೂಸ್ ಅಡ್ಡ ಬಂತು ಅಂತ ಕತ್ತರಿಸುವವರನ್ನು ನೋಡಿದ್ದೇನೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಗ್ಯಾರೇಜಿನಿಂದ ದಪ್ಪ ವೈರ್‌ನ ಎಕ್ಸ್‌ಟೆನ್ಷನ್ ಎಳೆಯಿರಿ, ಪ್ಲಗ್ ಜಿಎಫ್‌ಸಿಐದೇ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸಾಕೆಟ್) ಆಗಿರಲಿ. ಹಾಗೇ, ಊರಲ್ಲಿ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸ ಇರುವವರಿಗೆ ಹೇಳಬೇಕಾಗಿಲ್ಲ, ಚಾರ್ಜರ್ ಎಷ್ಟು ಜಾಣ ಆದರೂ ನೀರು ನಾವೇ ನೋಡಬೇಕು.

ಲಿಥಿಯಂ ಹಾಕುವ ಆಲೋಚನೆ ಇದ್ದರೆ ಎರಡು ವಿಷಯ. ಟ್ರೋಲಿಂಗ್‌ಗೆ ಲಿಥಿಯಂ, ಇಂಜಿನ್‌ಗೆ ಹಳೇ ಲೆಡ್ ಆಸಿಡ್ ಅಂತ ಬೆರೆಸುವುದಾದರೆ ಬ್ಯಾಂಕ್ ಬ್ಯಾಂಕ್‌ಗೂ ಬೇರೆ ಸೆಟ್ಟಿಂಗ್ ಕೊಡುವ ಚಾರ್ಜರ್ ನೋಡಿ. ಮತ್ತೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ನವೆಂಬರ್‌ನಲ್ಲಿ ಗ್ಯಾರೇಜಲ್ಲಿ ಪ್ಲಗ್ ಹಾಕಿ ಮರೆತುಬಿಡುವ ನಮ್ಮ ಪದ್ಧತಿ ಅದಕ್ಕೆ ಆಗಿಬರುವುದಿಲ್ಲ.

ದುಡ್ಡಿನ ವಿಷಯ: ಒಳ್ಳೆಯ ಕಂಪನಿಯ ಮೂರು ಬ್ಯಾಂಕ್ ಚಾರ್ಜರ್‌ಗೆ ನೂರಾರು ಡಾಲರ್ ಎಣಿಸಬೇಕು, ಅಗ್ಗ ಅಂತ ಹೇಳಲಾರೆ. ಕಯಾಕ್‌ಗೋ ಸಣ್ಣ ದೋಣಿಗೋ ಒಂದೇ 12 ವೋಲ್ಟ್ ಬ್ಯಾಟರಿ ಇಟ್ಟುಕೊಂಡವರಿಗೆ ಇದ್ಯಾವುದೂ ಬೇಡ. ಬ್ಯಾಟರಿ ಮನೆಗೆ ಎತ್ತಿಕೊಂಡು ಬಂದು ಒಂದು ಒಳ್ಳೆಯ ಸಾಮಾನ್ಯ ಚಾರ್ಜರ್‌ಗೆ ಹಾಕಿ, ಉಳಿದ ದುಡ್ಡಲ್ಲಿ ಬೇರೆ ಗಾಳ ತಗೊಳ್ಳಿ.