ಹಳೆಯ ‘ದೀಪಕ್’ ಹಡಗಿನ ಸಾಗವಾನಿ ಮಾದರಿ: ಶಹಾಪುರದ ಕಾರ್ಯಾಗಾರವೊಂದರ ಕೆಲಸ

ಬೆಳಗಾವಿಯ ಶಹಾಪುರದಲ್ಲಿ ಬಡಿಗರೊಬ್ಬರಿಂದ ನಾನು ಮಾಡಿಸಿಕೊಂಡ, ನಮ್ಮ ನೌಕಾಪಡೆಯ ಹಳೆಯ ಐಎನ್‌ಎಸ್ ದೀಪಕ್ ಎಂಬ ತೈಲ ಪೂರೈಕೆ ಹಡಗಿನ ಎರಡು ಅಡಿ ಉದ್ದದ ಮಾದರಿಯು ಕೊಟ್ಟ 6,500 ರೂಪಾಯಿಗೆ ತಕ್ಕುದಾಗಿದೆ. ಜರ್ಮನಿಯಲ್ಲಿ ಕಟ್ಟಿದ ಆ ಹಡಗು 1967ರಲ್ಲಿ ಸೇವೆಗೆ ಸೇರಿ 1996ರಲ್ಲಿ ನಿವೃತ್ತಿಯಾಯಿತು. ಇಂದು ಅದೇ ಹೆಸರು ಹೊತ್ತಿರುವುದು ಇಟಲಿಯಲ್ಲಿ ನಿರ್ಮಾಣವಾಗಿ 2011ರಲ್ಲಿ ಸೇರ್ಪಡೆಯಾದ ಬೇರೆಯೇ ಹಡಗು.

ಮಾದರಿಯ ಜೀವಾಳವಿರುವುದು ಅಟ್ಟದ ಮೇಲಿನ ಕಂಬಗಳಲ್ಲಿ ಮತ್ತು ಕೊಳವೆಗಳಲ್ಲಿ. ಕಡಲಿನಲ್ಲಿ ಇಂಧನ ತುಂಬಿಸುವಾಗ ಎರಡು ಹಡಗುಗಳು ನಿಲ್ಲದೆ, ಒಂದೇ ವೇಗದಲ್ಲಿ, ಕೆಲವೇ ಹತ್ತು ಮೀಟರ್ ಅಂತರದಲ್ಲಿ ಜೊತೆಜೊತೆಯಾಗಿ ಸಾಗುತ್ತವೆ. ನಡುವೆ ಬಿಗಿದ ಉಕ್ಕಿನ ಹಗ್ಗಕ್ಕೆ ರಬ್ಬರ್ ಕೊಳವೆಯನ್ನು ಅಲ್ಲಲ್ಲಿ ತೂಗುಹಾಕಲಾಗಿರುತ್ತದೆ, ಅಲೆಗಳಿಗೆ ಸಿಕ್ಕಿ ಹಡಗುಗಳು ತುಸು ದೂರ ಸರಿದರೂ ಕೊಳವೆ ಹರಿಯದಿರಲೆಂದು ಅದನ್ನು ಜೋಲುಬಿಟ್ಟಿರುತ್ತಾರೆ. ಬಡಿಗರು ಮೊದಲು ಕೊಳವೆಯನ್ನು ನೆಟ್ಟಗೆ ಎಳೆದು ಅಂಟಿಸಿದ್ದರು. ನಾನು ಛಾಯಾಚಿತ್ರ ತೋರಿಸಿ ಕಾರಣ ವಿವರಿಸಿದಾಗ, ಹೆಚ್ಚಿನ ಹಣ ಕೇಳದೆ, ಮೇಣ ಸವರಿದ ಕಪ್ಪು ದಾರದಿಂದ ಆ ಬಾಗುಗಳನ್ನು ಒಂದೊಂದಾಗಿ ಮೂಡಿಸಿಕೊಟ್ಟರು. ಘಟ್ಟದ ಆಚೆಯ ಕಡಲನ್ನು ತಾವು ಒಮ್ಮೆ ಮಾತ್ರ, ಕಾರವಾರದಲ್ಲಿ, ಕಂಡಿದ್ದಾಗಿ ಅವರು ಹೇಳಿದ ಮೇಲೆ ಈ ಕೈಚಳಕದ ಬಗ್ಗೆ ನನ್ನ ಗೌರವ ಇನ್ನೂ ಹೆಚ್ಚಿತು.

ಕೊರತೆಯೆಂದರೆ ಬೂದುಬಣ್ಣ: ಅದು ಅಲ್ಲಲ್ಲಿ ದಪ್ಪವಾಗಿ ಕುಳಿತು ಕಿಟಕಿಗಳ ಅಂಚನ್ನು ಮುಚ್ಚಿದೆ. ಒಪ್ಪಿದ ದಿನಕ್ಕಿಂತ ಮೂರು ವಾರ ತಡವೂ ಆಯಿತು. ಆದರೂ 2007ರಲ್ಲಿ ನಿವೃತ್ತಿಯಾದ ಹಳೆಯ ಐಎನ್‌ಎಸ್ ಶಕ್ತಿ ಎಂಬ ಇನ್ನೊಂದು ತೈಲ ಪೂರೈಕೆ ಹಡಗಿನ ಮಾದರಿಗೆ ಅವರಲ್ಲಿಯೇ ಮುಂಗಡ ಕೊಟ್ಟಿದ್ದೇನೆ.