ತುಂಗಾ ತೀರದ ಏರಿಳಿತಕ್ಕೆ ಬಾಡಿಗೆ ಟೂರಿಂಗ್ ಸೈಕಲ್: ಐದು ದಿನ ಓಡಿಸಿದ ಮೇಲೆ ನನ್ನ ರಿವ್ಯೂ

ನವೆಂಬರ್ ಕೊನೇ ವಾರ ನಾನು ನಮ್ಮ ಭಾವ ಇಬ್ರೂ ಸೇರಿ ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಆಗುಂಬೆ ಸುತ್ತಿ ಮತ್ತೆ ತೀರ್ಥಹಳ್ಳಿ ಮೇಲೆ ವಾಪಸ್ ಬಂದ್ವಿ. ಒಟ್ಟು 240 ಕಿಲೋಮೀಟರ್ ಆಸುಪಾಸು, ಐದು ದಿನ, ಎರಡೂ ಸೈಕಲ್ ಬಾಡಿಗೇದು. ಅಂಗಡಿ ಹೆಸರು ಹಾಕ್ತಿಲ್ಲ, ಸಣ್ಣ ಅಂಗಡಿ, ನನಗಿರೋ ದೂರನ್ನ ಅವರ ಮುಂದೇನೇ ಹೇಳಿ ಬಂದಿದೀನಿ. ಆದ್ರೆ ಮಲೆನಾಡಲ್ಲಿ ಯಾವ ಥರ ಸೈಕಲ್ ಕೇಳ್ಬೇಕು ಅನ್ನೋದು ಈ ಸಲ ಚೆನ್ನಾಗಿ ಅರ್ಥ ಆಯ್ತು, ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನಾನು ಫೋನ್ ಮಾಡಿ ಕೇಳಿದ್ದು ರೋಡ್ ಬೈಕ್, ಅಂದ್ರೆ ತೆಳು ಟೈರಿನ ಹಗುರ ಸೈಕಲ್. ಹಗುರ ಇದ್ರೆ ಏರಿಗೆ ಸಲೀಸು ಅಂತ ನನ್ನ ಲೆಕ್ಕ. ಅಂಗಡಿಯವರು ಮೊದಲು ಕೇಳಿದ್ದೇ "ಲಗೇಜ್ ಎಷ್ಟಿದೆ ಸರ್?" ಅಂತ. ಒಂದ್ ಒಂಬತ್ತು ಕೆಜಿ ಆಗ್ಬಹುದು ಅಂದೆ. "ಹಂಗಿದ್ರೆ ರೋಡ್ ಬೈಕ್ ಬೇಡ, ಮೂರನೇ ದಿನಕ್ಕೆ ಮೊಣಕಾಲು ಹಿಡ್ಕೊಂಡು ಕೂರ್ತೀರಿ, ಬನ್ನಿ ಬೇರೆ ತೋರಿಸ್ತೀನಿ" ಅಂದ್ರು. ಹೋಗಿ ನೋಡಿದ್ರೆ ಸ್ಟೀಲ್ ಫ್ರೇಮಿನ ಟೂರಿಂಗ್ ಸೈಕಲ್, ಕ್ಯಾರಿಯರ್ ಸೇರಿ ಹದಿನಾಲ್ಕು ಕೆಜಿ ಮೇಲೆ. ಎತ್ತಿ ನೋಡಿದಾಗ ನಿಜವಾಗ್ಲೂ ಬೇಜಾರಾಯ್ತು.

ಅದರ ಗೇರ್ ಹೀಗಿತ್ತು. ಮುಂದೆ ಪೆಡಲ್ ಹತ್ರ ಮೂರು ಚೈನ್‌ರಿಂಗ್, ಅಂದ್ರೆ ಚೈನು ಕೂರೋ ಹಲ್ಲಿನ ಚಕ್ರ, 48, 36, 26 ಹಲ್ಲು. ಹಿಂದೆ ಕ್ಯಾಸೆಟ್, ಅಂದ್ರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, 11ರಿಂದ 34 ಹಲ್ಲು. ಅಂದ್ರೆ ಅತೀ ಸಣ್ಣ ಗೇರಲ್ಲಿ ಮುಂದೆ 26, ಹಿಂದೆ 34, ಪೆಡಲ್ ಒಂದು ಸುತ್ತು ತಿರುಗಿದ್ರೆ ಸೈಕಲ್ ಸುಮಾರು 1.65 ಮೀಟರ್ ಮುಂದೆ ಹೋಗುತ್ತೆ ಅಷ್ಟೆ. ಸಾಮಾನ್ಯ ರೋಡ್ ಬೈಕಲ್ಲಿ 34ಕ್ಕೆ 28 ಇದ್ರೆ ಅದೇ ಒಂದು ಸುತ್ತಿಗೆ ಎರಡೂವರೆ ಮೀಟರ್ ತಳ್ಳಬೇಕು. ನಿಮಿಷಕ್ಕೆ 60 ಸುತ್ತು ತುಳಿದ್ರೆ ಈ ಟೂರಿಂಗ್ ಸೈಕಲ್ ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ಹತ್ತುತ್ತೆ, ರೋಡ್ ಬೈಕಲ್ಲಿ ಒಂಬತ್ತಕ್ಕಿಂತ ನಿಧಾನ ಆದ್ರೆ ಕಾಲು ಸುತ್ತೋ ಲಯಾನೇ ತಪ್ಪಿ ಒಂದೊಂದು ತುಳಿತಕ್ಕೂ ಎದ್ದು ನಿಂತು ಒತ್ತಬೇಕಾಗುತ್ತೆ. ಸೈಕಲ್ ತೂಕದಲ್ಲಿ ಐದು ಕೆಜಿ ಉಳಿಸೋದಕ್ಕಿಂತ ಈ ವ್ಯತ್ಯಾಸ ಎಷ್ಟೋ ದೊಡ್ಡದು, ಇದನ್ನ ಯಾರು ಕೇಳಿದ್ರೂ ಹೇಳ್ತೀನಿ.

ಯಾಕೆ ಅಂದ್ರೆ ನದಿ ಪಕ್ಕದ ರಸ್ತೆ ಸಮತಟ್ಟಾಗಿರುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು ತನಕ ನಿಜ, ಒಂದು ಕಡೆ ತುಂಗೆ ಹಿನ್ನೀರು, ಬೆಳಗ್ಗೆ ಬೇಗ ಹೊರಟ್ರೆ ಬಿಡಾರದ ಆನೆಗಳಿಗೆ ನೀರಲ್ಲಿ ಸ್ನಾನ ಮಾಡಿಸೋದು ನೋಡ್ಬಹುದು, ಗಾಡಿ ತಾನಾಗೇ ಓಡುತ್ತೆ. ಮುಂದೆ ಮಂಡಗದ್ದೆ, ಮಳೆಗಾಲದಲ್ಲಿ ಬೆಳ್ಳಕ್ಕಿ ನೀರುಕಾಗೆಗಳು ಗೂಡು ಕಟ್ಟೋ ನಡುಗಡ್ಡೆ, ನಾವು ಹೋದಾಗ ಗೂಡೆಲ್ಲ ಖಾಲಿ. ಆದ್ರೆ ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆ ಹೋದ್ರೆ ನಿಜವಾದ ಮಲೆನಾಡು ಶುರು. ಗುಡ್ಡದಿಂದ ಒಂದೊಂದು ಹಳ್ಳ ಬಂದು ಹೊಳೆ ಸೇರುತ್ತಲ್ಲ, ರಸ್ತೆ ಪ್ರತೀ ಹಳ್ಳಕ್ಕೂ ಕೆಳಗೆ ಇಳಿಯುತ್ತೆ, ಒಂದು ಮೋರಿನೋ ಸಣ್ಣ ಸೇತುವೆನೋ ದಾಟುತ್ತೆ, ಮತ್ತೆ ದಿಬ್ಬ ಹತ್ತುತ್ತೆ, ಹತ್ತಿ ಮುಗೀತು ಅನ್ನೋ ಅಷ್ಟರಲ್ಲಿ ಇನ್ನೊಂದು ಹಳ್ಳ. ಒಂದೊಂದು ಏರೂ ಚಿಕ್ಕದೇ, ಆದ್ರೆ ದಿನಕ್ಕೆ ಲೆಕ್ಕ ಇಡೋಕಾಗದಷ್ಟು ಬರುತ್ತೆ. ಇಳಿಜಾರಲ್ಲಿ ಬಂದ ವೇಗಾನೇ ಅರ್ಧ ಏರು ಹತ್ತಿಸುತ್ತೆ, ಉಳಿದ ಅರ್ಧಕ್ಕೆ ಸೇತುವೆ ದಾಟಿದ ತಕ್ಷಣ, ಕಾಲಿಗೆ ಭಾರ ಬೀಳೋ ಮುಂಚೆನೇ ಗೇರ್ ಇಳಿಸ್ಬೇಕು. ತಡ ಮಾಡಿ ಏರಲ್ಲಿ ಒತ್ತಡ ಹಾಕಿ ಗೇರ್ ಬದಲಾಯಿಸಿದ್ರೆ ಚೈನು ಕಟಕಟ ಅಂತ ಹಲ್ಲಿನ ಮೇಲೆ ಹಾರುತ್ತೆ. ನಮ್ಮ ಭಾವಂಗೆ ಎರಡು ಸಲ ಚೈನೇ ಕಳಚಿ ಬಿತ್ತು.

ಅಂಗಡಿಯವರ ಕೆಲಸದ ಬಗ್ಗೆ ಒಂದು ವಿಷಯ ಹೇಳ್ಲೇಬೇಕು. ಗೋಡೆಗೆ ಬೆನ್ನು ಆನಿಸಿ ನಿಲ್ಲಿಸಿ, ಕಾಲ ಸಂದಿಗೆ ದಪ್ಪ ಪುಸ್ತಕ ಒಂದು ಇಟ್ಟು, ನೆಲದಿಂದ ಅಳತೆ ತಗೊಂಡು ಸೀಟಿನ ಎತ್ತರ ಹೊಂದಿಸಿದ್ರು. ಆಮೇಲೆ ಸೀಟ್ ಕಂಬಿ ಫ್ರೇಮ್ ಒಳಗೆ ಹೋಗೋ ಜಾಗದಲ್ಲಿ ಕೆಂಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿದ್ರು, ದಾರೀಲಿ ಸೀಟು ಜಾರಿದ್ರೆ ಗೊತ್ತಾಗ್ಲಿ, ಬಿಚ್ಚಿದ್ರೂ ಮತ್ತೆ ಅಲ್ಲಿಗೇ ತಂದು ಬಿಗಿ ಮಾಡಿ ಅಂತ. ಮಂಡಗದ್ದೆ ದಾಟಿದ ಮೇಲೆ ನೋಡ್ತೀನಿ, ಟೇಪ್ ಅರ್ಧ ಒಳಗೆ ಮಡಚ್ಕೊಂಡಿದೆ, ಸೀಟು ಒಂದು ಬೆರಳಿನಷ್ಟು ಇಳಿದಿತ್ತು. ಆ ಟೇಪ್ ಇಲ್ದೇ ಹೋಗಿದ್ರೆ ಮಂಡಿ ನೋವು ಯಾಕೆ ಅಂತಾನೂ ತಿಳೀತಿರ್ಲಿಲ್ಲ. ಜೊತೆಗೆ ಎರಡು ಟ್ಯೂಬು, ಪ್ಯಾಚ್, ಪಂಪು, ಅಲೆನ್ ಕೀ ಸೆಟ್ಟು, ಒಂದು ಗೇರ್ ಕೇಬಲ್ ಬಾಡಿಗೆ ಒಳಗೇ ಕೊಟ್ಟಿದ್ರು. ದಿನಕ್ಕೆ 600 ರೂಪಾಯಿ, 5000 ಡೆಪಾಸಿಟ್.

ಈಗ ದೂರು. ಕೊಪ್ಪ ಬಿಟ್ಟು ಹರಿಹರಪುರದ ಹತ್ರ ಹಿಂದಿನಿಂದ ಕಿರ್ರ್ ಅಂತ ಶಬ್ದ ಶುರುವಾಯ್ತು, ಇಳಿದು ನೋಡಿದ್ರೆ ಕ್ಯಾರಿಯರ್ ಎಡಗಡೆ ಕೆಳಗಿನ ಬೋಲ್ಟೇ ಇಲ್ಲ, ಎಲ್ಲೋ ಉದುರಿ ಹೋಗಿದೆ, ಬ್ಯಾಗ್ ವಾಲಿ ಚಕ್ರದ ಕಡ್ಡಿಗೆ ಇನ್ನೇನು ತಾಗ್ಬೇಕು. ಇಳಿಜಾರಲ್ಲಿ ಹಾಗಾಗಿದ್ರೆ ಚಕ್ರ ಹಿಡ್ಕೊಂಡು ನಾನು ಬೀಳ್ತಿದ್ದೆ, ಇದು ಸಣ್ಣ ವಿಷಯ ಅಲ್ಲ. ಕೊಟ್ಟ ಸಾಮಾನಲ್ಲಿ ಎಲ್ಲ ಇತ್ತು, ಬೋಲ್ಟ್ ಮಾತ್ರ ಇರ್ಲಿಲ್ಲ. ರಸ್ತೆ ಪಕ್ಕದ ಮನೆ ಅಂಗಳದಲ್ಲಿ ಅಡಿಕೆ ಸುಲೀತಿದ್ರು, ಹಂಡೇಲಿ ಅಡಿಕೆ ಬೇಯ್ತಿತ್ತು, ಚೊಗರಿನ ವಾಸನೆ ರಸ್ತೆ ತನಕ. ದಾರ ಏನಾದ್ರೂ ಇದ್ಯಾ ಅಂತ ಕೇಳೋಕೆ ಹೋದ್ರೆ ಅಲ್ಲಿದ್ದ ಅಮ್ಮ "ಮೊದ್ಲು ಕೂತ್ಕಳಿ, ಆಸರಿಗೆ ಏನು ಬೇಕು, ಮಜ್ಜಿಗೆ ಕೊಡ್ಲಾ?" ಅಂತ ಕೇಳಿ ಮಜ್ಜಿಗೆ ಕೊಟ್ಟು, ಆಮೇಲೆ ಸೆಣಬಿನ ಹುರಿ ತಂದುಕೊಟ್ರು. ಹುರೀಲಿ ಬಿಗಿಯಾಗಿ ಕಟ್ಕೊಂಡು ಮೆಲ್ಲಗೆ ಶೃಂಗೇರಿ ತನಕ ಹೋದ್ವಿ. ಅಲ್ಲಿ ಒಬ್ರು ಬೈಕ್ ಮೆಕ್ಯಾನಿಕ್ ಡಬ್ಬೀಲಿ ಹುಡುಕಿ 5 ಎಂಎಂ ಬೋಲ್ಟ್ ಹಾಕಿಕೊಟ್ರು, ದುಡ್ಡು ಬೇಡ ಅಂದ್ರು. ಅವತ್ತು ಸಂಜೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ನೋಡ್ತಾ ಇದ್ರೂ ನಂಗೆ ಮನಸ್ಸೆಲ್ಲ ಆ ಬೋಲ್ಟ್ ಮೇಲೇ. ನಾನು ಕಲಿತಿದ್ದು, ದಿನಾ ಬೆಳಗ್ಗೆ ಹೊರಡೋ ಮುಂಚೆ ಕ್ಯಾರಿಯರ್‌ನ ನಾಲ್ಕೂ ಬೋಲ್ಟಿಗೆ ಅಲೆನ್ ಕೀ ಹಾಕಿ ನೋಡ್ಬೇಕು, ಎರಡು ಬೋಲ್ಟ್ ಜೇಬಲ್ಲಿ ಇಟ್ಕೋಬೇಕು.

ಶೃಂಗೇರಿಯಿಂದ ಆಗುಂಬೆ ಮೂವತ್ತು ಕಿಲೋಮೀಟರ್ ಒಳಗೆ, ಕಾಡಿನ ನೆರಳು, ಬೇಗ ಮುಟ್ಟಿದ್ವಿ. ಸಂಜೆ ಸೂರ್ಯಾಸ್ತದ ಕಟ್ಟೆ ಹತ್ರ ಜನ ಜಾಸ್ತಿ, ಆದ್ರೂ ನಿಲ್ಲದೇ ಹೋಗ್ಬೇಡಿ.

ನಾಲ್ಕನೇ ದಿನ ಬೆಳಗ್ಗೆ ಲಗೇಜ್ ರೂಮಲ್ಲಿ ಬಿಟ್ಟು ಘಟ್ಟ ಇಳಿದು ಸೋಮೇಶ್ವರ ಮುಟ್ಟಿ ಹತ್ತಿ ಬಂದ್ವಿ. ಹದಿನಾಲ್ಕು ತಿರುವು. ಸೈಕಲಿಂದು ಕೇಬಲ್ ಡಿಸ್ಕ್ ಬ್ರೇಕು, ಚಕ್ರದ ನಡುವಿನ ಲೋಹದ ತಟ್ಟೆನ ಹಿಡಿಯೋದು. ಕೆಲವು ತಿರುವಲ್ಲಿ ರಸ್ತೆ ಇನ್ನೂ ಒದ್ದೆ ಇತ್ತು, ಚಕ್ರದ ಅಂಚನ್ನೇ ಹಿಡಿಯೋ ರಿಮ್ ಬ್ರೇಕ್ ಆಗಿದ್ರೆ ಒದ್ದೆ ರಿಮ್ ಮೇಲೆ ಮೊದಲು ಜಾರಿ ಆಮೇಲೆ ಹಿಡಿಯುತ್ತೆ, ಇದು ಒಂದೇ ಸಮ ಹಿಡೀತು. ಬ್ರೇಕ್ ಒತ್ತಿ ಹಿಡ್ಕೊಂಡೇ ಇಳೀಬಾರ್ದು, ಡಿಸ್ಕು ಕಾದು ಬ್ರೇಕ್ ಹಿಡಿತ ಕಮ್ಮಿ ಆಗುತ್ತೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು, ತಿರುಗಿ, ಮತ್ತೆ ಹಿಡೀಬೇಕು. ಆದ್ರೂ ಕೆಳಗೆ ಬರೋ ಹೊತ್ತಿಗೆ ಹಿಂದಿನ ಲಿವರ್ ಹ್ಯಾಂಡಲ್ ಹತ್ರ ಹತ್ರ ಬರ್ತಿತ್ತು. ಪ್ಯಾಡ್ ಸವೆದಷ್ಟೂ ಅದಕ್ಕೂ ಡಿಸ್ಕಿಗೂ ಅಂತರ ಜಾಸ್ತಿ ಆಗುತ್ತೆ, ಕೇಬಲ್ ಅಡ್ಜಸ್ಟರ್ ಎರಡು ಸುತ್ತು ತಿರುಗಿಸಿದ ಮೇಲೆ ಸರಿ ಹೋಯ್ತು. ತಿರುವಲ್ಲಿ ಮಿನಿ ಬಸ್ ಬರ್ತಾವೆ, ಹಾರ್ನ್ ಕೇಳಿದ್ರೆ ಎಡಕ್ಕೆ ಸರಿದು ನಿಲ್ಲಿ. ಬಾಳೆಹಣ್ಣು ಹೊರಗೆ ಕಾಣೋ ಹಾಗೆ ಇಡ್ಬೇಡಿ, ಕೋತಿಗಳು ಕಟ್ಟೆ ಮೇಲೆ ಕಾಯ್ತಿರ್ತಾವೆ.

ಹತ್ತಿದ್ದು ಒಂದೂವರೆ ಗಂಟೆ ಮೇಲೆ, ಕಾಲು ಭಾಗ ದಾರಿ 26ಕ್ಕೆ 34ರಲ್ಲೇ. ಎಲ್ಲೂ ಇಳಿದು ತಳ್ಳಲಿಲ್ಲ. ನನಗೀಗ ನಲವತ್ತಾರು, ವ್ಯಾಯಾಮ ಅಂದ್ರೆ ವಾರಕ್ಕೆ ಎರಡು ದಿನ ಸೈಕಲ್ ಅಷ್ಟೆ, ಏಳನೇ ತಿರುವಲ್ಲಿ ನಿಂತು ಕೆಳಗಿನ ಕಾಡು ನೋಡಿದಾಗ ಕಣ್ಣು ತುಂಬಿ ಬಂತು.

ಕೊನೇ ದಿನ ಸೈಕಲ್ ಒಪ್ಪಿಸುವಾಗ ಶೃಂಗೇರಿ ಬೋಲ್ಟ್ ತೋರಿಸಿ ನಡೆದಿದ್ದನ್ನ ಪೂರ್ತಿ ಹೇಳ್ದೆ. ಅವರು ವಾದ ಮಾಡ್ಲಿಲ್ಲ. "ತಪ್ಪಾಯ್ತು ಸರ್, ಬೋಲ್ಟ್ ಸಡಿಲ ಆಗದ ಹಾಗೆ ಹಚ್ಚೋ ಗಮ್ ಇದೆ, ಹಚ್ಚೋದು ಬಿಟ್ಟೋಗಿದೆ" ಅಂದು ನಮ್ಮೆದುರಿಗೇ ಅಂಗಡೀಲಿದ್ದ ಉಳಿದ ಮೂರು ಸೈಕಲಿನ ಕ್ಯಾರಿಯರ್ ಬೋಲ್ಟೂ ಬಿಚ್ಚಿ, ಒರೆಸಿ, ಗಮ್ ಹಚ್ಚಿ ಹಾಕಿದ್ರು. ಒಂದು ದಿನದ ಬಾಡಿಗೆ ಬಿಟ್ರು, ಡೆಪಾಸಿಟ್ ಪೂರ್ತಿ ಬಂತು. ಫೆಬ್ರವರಿಲಿ ಹೊಸನಗರ, ಶರಾವತಿ ಕಡೆ ಹೋಗೋಣ ಅಂತಿದೀವಿ, ಅದೇ ಎರಡು ಸೈಕಲ್‌ಗೆ ಅವತ್ತೇ ಮುಂಗಡ ಕೊಟ್ಟು ಬಂದ್ವಿ. ಸೀಟ್ ಕಂಬಿ ಮೇಲಿನ ಕೆಂಪು ಟೇಪ್ ತೆಗೀಬೇಡಿ ಅಂತ ಹೇಳಿದೀನಿ.