ಕರಾವಳಿಯ ಚಳಿಗೆ ನಾಯಿ ಬೆಕ್ಕುಗಳ ಹೀಟಿಂಗ್ ಪ್ಯಾಡ್: ಯಾರ ಮನೆಗೆ ಬೇಕು, ಯಾರಿಗೆ ಬೇಡ

ನಾಯಿ ಬೆಕ್ಕುಗಳಿಗೆಂದೇ ಮಾರುವ ವಿದ್ಯುತ್ ಹೀಟಿಂಗ್ ಪ್ಯಾಡನ್ನು ಉಡುಪಿಯ ನಮ್ಮ ಮನೆಯಲ್ಲಿ ಇಡೀ ಒಂದು ಚಳಿಗಾಲ ಬಳಸಿ ನೋಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸುಮಾರು ಎರಡು ಸಾವಿರ ರೂಪಾಯಿಯ ಈ ವಸ್ತು ಒಂದೇ ಅಚ್ಚಿನಲ್ಲಿ ತಯಾರಾಗಿ ಬೇರೆ ಬೇರೆ ಹೆಸರುಗಳಲ್ಲಿ ಆನ್‌ಲೈನ್ ಮಾರುಕಟ್ಟೆಗೆ ಬರುವುದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ಹೇಳಿ ಪ್ರಯೋಜನವಿಲ್ಲ. ಕೊಳ್ಳುವವರು ನೋಡಬೇಕಾದದ್ದು ಅದರ ಗುಣದೋಷಗಳನ್ನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ವಸ್ತು ಕೆಟ್ಟದ್ದೇನಲ್ಲ, ಆದರೆ ಕರಾವಳಿಯ ಹೆಚ್ಚಿನ ಮನೆಗಳಿಗೆ ಬೇಕಾದದ್ದು ಅದಲ್ಲ.

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು, ಕೋಣಗಳು ಓಡುವ ಕಂಬಳದ ಕರೆಗಳಲ್ಲಿ ನೀರು ನಿಲ್ಲುವ ದಿನಗಳಲ್ಲಿ ನಮ್ಮೂರಿಗೆ ಚಳಿ ಬರುತ್ತದೆ ಎನ್ನುವುದೇನೋ ನಿಜ. ಆದರೆ ಜನವರಿಯಲ್ಲಿಯೂ ಇಲ್ಲಿನ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ದಿನ ಮಧ್ಯಾಹ್ನ 32, 33 ಡಿಗ್ರಿ ಬಿಸಿಲು ಕಾಯುತ್ತದೆ. ಆರೋಗ್ಯವಂತ ನಾಯಿಯ ಮೈಯ ಉಷ್ಣತೆ 38.3ರಿಂದ 39.2 ಡಿಗ್ರಿಯಷ್ಟಿದ್ದು, ಅದರ ಮೇಲೆ ಕೂದಲಿನ ಹೊದಿಕೆಯೂ ಇರುವಾಗ 20 ಡಿಗ್ರಿ ಅದಕ್ಕೆ ಹಿತವಾದ ತಂಪೇ ಹೊರತು ಚಳಿಯಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ: ನಸುಕಿನಲ್ಲಿ ಘಟ್ಟದ ದಿಕ್ಕಿನಿಂದ ಬೀಸುವ ಒಣ ಮೂಡುಗಾಳಿಯಿಂದ, ಹಂಚಿನ ಮಾಡಿನ ಸಂದುಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ನೆಲಗಳಿಂದ. ರೆಡ್ ಆಕ್ಸೈಡ್ ಇರಲಿ, ಗ್ರಾನೈಟ್ ಇರಲಿ, ಈಗಿನ ಟೈಲ್ಸ್ ಇರಲಿ, ಮೈಯ ಶಾಖವನ್ನು ಅವು ಗಾಳಿಗಿಂತ ಎಷ್ಟೋ ಬೇಗ ಎಳೆದುಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ನಾಯಿ ಅದೇ ನೆಲವನ್ನು ಹುಡುಕಿಕೊಂಡು ಹೋಗಿ ಹೊಟ್ಟೆ ಒತ್ತಿ ಮಲಗುವುದು ಈ ಕಾರಣಕ್ಕೇ.

ಇನ್ನು ಪ್ಯಾಡ್‌ನ ವಿಚಾರ. ಸುಮಾರು 70 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಪಿವಿಸಿ ಹಾಳೆಯೊಳಗೆ ಬಿಸಿಯಾಗುವ ತಂತಿ, ಮೇಲೆ ತೆಗೆದು ಒಗೆಯಬಹುದಾದ ಮೆತ್ತನೆಯ ಕವರ್, ತುದಿಯಲ್ಲಿ ಉಷ್ಣಾಂಶ ಮತ್ತು ಸಮಯವನ್ನು ನಿಗದಿಪಡಿಸುವ ಸ್ವಿಚ್, ಇಷ್ಟೇ ಅದರ ರಚನೆ. ಕಚ್ಚಿದರೂ ಹರಿಯದಂತೆ ವಯರ್‌ಗೆ ಸುತ್ತಿರುವ ಉಕ್ಕಿನ ಸುರುಳಿ ಗಟ್ಟಿಯಾಗಿದೆ, ಆದರೆ ಪ್ಯಾಡ್‌ನಿಂದ ಒಂದು ಅಡಿ ದೂರದವರೆಗೆ ಮಾತ್ರ ಇದೆ. ಹಲ್ಲು ಬರುತ್ತಿರುವ ಮರಿಗೆ ಉಳಿದ ವಯರ್ ಸಿಗದಂತೆ ಗೋಡೆಯ ಹಿಂದಿನಿಂದ ಒಯ್ಯಬೇಕಾಯಿತು. ಪ್ಲಗ್ಗಿನ ಚಪ್ಪಟೆ ಪಿನ್ನುಗಳು ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಜೊತೆಗೆ ಕೊಡುವ ಕನ್ವರ್ಟರ್ ಸಡಿಲವಾಗಿದ್ದು, ರಾತ್ರಿಯಿಡೀ ಉರಿಯಬೇಕಾದ ಉಪಕರಣಕ್ಕೆ ಅದನ್ನು ನಂಬುವುದು ಸರಿಯಲ್ಲ. ಎಲೆಕ್ಟ್ರಿಷಿಯನ್ ಒಬ್ಬರಿಂದ ಒಳ್ಳೆಯ ಪ್ಲಗ್ ಹಾಕಿಸಿಕೊಂಡೇ ಬಳಸಿದೆವು. ರಾತ್ರಿ ಕರೆಂಟ್ ಹೋಗಿ ಬಂದರೆ ಪ್ಯಾಡ್ ತಾನಾಗಿ ಮತ್ತೆ ಶುರುವಾಗುವುದಿಲ್ಲ ಎಂಬುದು ಇನ್ನೊಂದು ಕೊರತೆ. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದೆಂದು ವಾದಿಸಬಹುದಾದರೂ, ಎಳೆಯ ಮರಿಗಳಿದ್ದಾಗ ಯಾರಾದರೂ ಎದ್ದು ನೋಡಲೇಬೇಕಾಗುತ್ತದೆ. ವಿದ್ಯುತ್ ಖರ್ಚಿನ ಬಗ್ಗೆ ಚಿಂತೆ ಬೇಡ: 25 ವಾಟ್‌ನ ಪ್ಯಾಡ್ ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಏಳೂವರೆ ಯೂನಿಟ್ ದಾಟುವುದಿಲ್ಲ.

ನನ್ನ ಗಂಭೀರ ಆಕ್ಷೇಪವಿರುವುದು ಉಷ್ಣಾಂಶದ ಬಗ್ಗೆ. ಸ್ವಿಚ್ಚಿನಲ್ಲಿ 55 ಡಿಗ್ರಿಯವರೆಗೆ ಏರಿಸುವ ಅವಕಾಶವಿದೆ, ಅದನ್ನೇ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಗ್ಗಳಿಕೆಯಾಗಿ ಮುದ್ರಿಸಿದ್ದಾರೆ. ಸುಟ್ಟಗಾಯವಾಗಲು ಕುದಿಯುವ ನೀರೇ ಬೇಕಾಗಿಲ್ಲ; 44 ಡಿಗ್ರಿಯಷ್ಟು ಬಿಸಿಯಾದ ವಸ್ತು ಸತತವಾಗಿ ಆರು ಗಂಟೆಗಳ ಕಾಲ ಚರ್ಮಕ್ಕೆ ಒತ್ತಿಕೊಂಡಿದ್ದರೂ ಚರ್ಮ ಸುಡುತ್ತದೆ, ಉಷ್ಣಾಂಶ ಒಂದೊಂದು ಡಿಗ್ರಿ ಏರಿದಂತೆಲ್ಲ ಬೇಕಾಗುವ ಸಮಯ ವೇಗವಾಗಿ ಇಳಿಯುತ್ತದೆ. ಓಡಾಡುವ ಪ್ರಾಣಿ ಬಿಸಿ ಹೆಚ್ಚಾದರೆ ಎದ್ದು ಹೋಗುತ್ತದೆ. ಆದರೆ ನಾವು ಪ್ಯಾಡ್ ಹಾಸುವುದೇ ಏಳಲಾರದ ಮುದಿ ನಾಯಿಗೆ, ಶಸ್ತ್ರಚಿಕಿತ್ಸೆಯ ಮಂಪರಿನಲ್ಲಿರುವ ಬೆಕ್ಕಿಗೆ, ಕಣ್ಣು ತೆರೆಯದ ಮರಿಗೆ. ಕೂದಲಿನಡಿಯ ಗಾಯ ಮೊದಲ ದಿನ ಕಾಣುವುದೂ ಇಲ್ಲ, ಚರ್ಮ ಕಪ್ಪಾಗಿ ಸುಲಿಯತೊಡಗಿದಾಗಲೇ ಗೊತ್ತಾಗುತ್ತದೆ. ಅಡುಗೆಮನೆಯ ಥರ್ಮಾಮೀಟರನ್ನು ಮಡಿಸಿದ ಟವೆಲಿನಡಿ ಇಟ್ಟು ನೋಡಿದಾಗ, 40 ಡಿಗ್ರಿಗೆ ನಿಗದಿಪಡಿಸಿದ ಪ್ಯಾಡ್‌ನ ನಡುಭಾಗ 43ನ್ನು ಮುಟ್ಟಿತ್ತು, ಅಂಚು 36ರಲ್ಲೇ ಇತ್ತು. ಮೇಲೆ ದಪ್ಪ ಕಂಬಳಿ ಹೊದಿಸಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಅಂಕಿ ಇನ್ನೂ ಏರುತ್ತದೆ. ಆದುದರಿಂದ ನಾವು 35 ಡಿಗ್ರಿಯನ್ನು ಮೀರಿಸಲಿಲ್ಲ. ನಡುವೆ ಎರಡು ಮಡಿಕೆ ಬಟ್ಟೆ ಇಲ್ಲದೆ ಯಾವ ಪ್ರಾಣಿಯನ್ನೂ ಮಲಗಿಸಲಿಲ್ಲ. ಕೈಪಿಡಿಯಲ್ಲಿ ಈ ಎಚ್ಚರಿಕೆಗಳಲ್ಲಿ ಒಂದೂ ಇಲ್ಲ.

ನಮ್ಮ ಹದಿಮೂರು ವರ್ಷದ ಲ್ಯಾಬ್ರಡಾರ್‌ಗೆ ಸೊಂಟದ ಕೀಲುಗಳು ಸವೆದಿವೆ. ಬೆಳಗ್ಗೆ ಏಳುವಾಗ ಹಿಂಗಾಲು ಹಿಡಿದುಕೊಳ್ಳುವುದು, ಮೊದಲ ಕೆಲವು ಹೆಜ್ಜೆಗಳಲ್ಲಿ ಕುಂಟುವುದು ಚಳಿಗಾಲದಲ್ಲಿ ಎದ್ದು ಕಾಣುತ್ತದೆ. ಮಲಗುವ ಮುನ್ನ ಅರ್ಧ ಗಂಟೆ, ಏಳುವ ಮುನ್ನ ಅರ್ಧ ಗಂಟೆ ಪ್ಯಾಡ್ ಹಾಕಿದಾಗ ಅವಳು ಏಳುವುದು ಸ್ಪಷ್ಟವಾಗಿ ಸುಲಭವಾಯಿತು. ಇಡೀ ರಾತ್ರಿ ಉರಿಸಿದರೆ ಮಾತ್ರ ನಡುರಾತ್ರಿ ತೇಕುತ್ತಾ ತೆವಳಿಕೊಂಡು ಬರಿ ನೆಲಕ್ಕೆ ಹೋಗುತ್ತಿದ್ದಳು, ಅಂದರೆ ಕೊಟ್ಟ ಹಣ ನೆಲದ ಪಾಲು. ಕೀಲುನೋವಿಗೆ ಮನುಷ್ಯರ ಮಾತ್ರೆ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇರುವುದರಿಂದ ಇಲ್ಲೇ ಹೇಳಬೇಕು: ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನೋವಿನ ಔಷಧಿಯನ್ನು ಪಶುವೈದ್ಯರೇ ಬರೆಯಲಿ.

ಪ್ಯಾಡ್ ತನ್ನ ಬೆಲೆಯನ್ನು ತೀರಿಸಿದ್ದು ಮರಿಗಳ ವಿಷಯದಲ್ಲಿ. ನೆರೆಮನೆಯ ಕಟ್ಟಿಗೆ ಕೊಟ್ಟಿಗೆಯಲ್ಲಿ ಮರಿ ಹಾಕಿದ್ದ ಬೀದಿನಾಯಿ ವಾಹನಕ್ಕೆ ಸಿಕ್ಕಿ ಸತ್ತಾಗ, ಹುಟ್ಟಿ ವಾರವೂ ಆಗದ ಮರಿಗಳನ್ನು ನಾವು ತಂದು ಸಾಕಿದೆವು. ಈ ವಯಸ್ಸಿನ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಮೊದಲ ವಾರದಲ್ಲಿ ಅದರ ಸುತ್ತಲಿನ ಗಾಳಿ 29ರಿಂದ 32 ಡಿಗ್ರಿಯಷ್ಟಿರಬೇಕು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ನಾಲ್ಕನೆಯ ವಾರದ ಹೊತ್ತಿಗೆ 24ರ ಸುತ್ತ ತರಬಹುದು. ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಹಿತವಾದ 20 ಡಿಗ್ರಿ ಅವುಗಳ ಪಾಲಿಗೆ ಪ್ರಾಣಾಂತಕ. ರಟ್ಟಿನ ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಪ್ಯಾಡ್ ಹಾಸಿ, ಉಳಿದರ್ಧಕ್ಕೆ ಹಳೆಯ ಹತ್ತಿ ಸೀರೆಯ ಮಡಿಕೆ ಹಾಕಿ, ಬಿಸಿ ಹೆಚ್ಚಾದರೆ ಅತ್ತ ಸರಿಯಲು ಜಾಗ ಬಿಟ್ಟೆವು. ಮರಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದರೆ ಚಳಿಯಾಗುತ್ತಿದೆ ಎಂದೂ, ದೂರ ದೂರ ಚೆಲ್ಲಾಡಿ ಕುಂಯ್‌ಗುಟ್ಟಿದರೆ ಸೆಕೆಯಾಗುತ್ತಿದೆ ಎಂದೂ ಅರ್ಥ; ಥರ್ಮಾಮೀಟರಿಗಿಂತ ಇದನ್ನು ನಂಬಬಹುದು. ಮೈ ತಣ್ಣಗಾದ ಮರಿಗೆ ಗಾಬರಿಯಿಂದ ಮೊದಲು ಹಾಲು ಕುಡಿಸಲು ಹೋಗುವವರೇ ಹೆಚ್ಚು. ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ಕುಡಿದ ಹಾಲು ಜೀರ್ಣವಾಗದೆ ಉಬ್ಬರಿಸುತ್ತದೆ ಅಥವಾ ಶ್ವಾಸನಾಳಕ್ಕೆ ಹೋಗುತ್ತದೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ. ಕರೆಂಟ್ ಹೋದಾಗ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿ ಸಾಕಾಗುತ್ತದೆ, ಆದರೆ ಅದು ತಣ್ಣಗಾದ ಕೂಡಲೇ ತೆಗೆಯದಿದ್ದರೆ ಮರಿಯ ಮೈಯ ಬಿಸಿಯನ್ನೇ ಅದು ಹೀರತೊಡಗುತ್ತದೆ.

ಬೆಕ್ಕಿನ ಅಭಿಪ್ರಾಯ ಕೇಳಿದರೆ ಪ್ಯಾಡ್‌ಗೆ ಪೂರ್ಣ ಅಂಕ ಸಿಗುತ್ತದೆ. ಹಿಂದೆ ಬಚ್ಚಲುಮನೆಯಲ್ಲಿ ಹಂಡೆ ಒಲೆ ಇತ್ತು, ಮಡಲು, ತೆಂಗಿನ ಸಿಪ್ಪೆ ಉರಿದ ಬೂದಿಯ ಪಕ್ಕ ಬೆಕ್ಕುಗಳು ರಾತ್ರಿ ಕಳೆಯುತ್ತಿದ್ದವು. ಗೀಸರ್ ಮತ್ತು ಸೋಲಾರ್ ಬಂದ ಮೇಲೆ ಅವು ಪಾರ್ಕ್ ಮಾಡಿದ ಕಾರಿನ ಎಂಜಿನ್ ಒಳಗೆ ನುಗ್ಗತೊಡಗಿವೆ. ಬೆಳಗ್ಗೆ ಕಾರು ಚಾಲೂ ಮಾಡುವ ಮುನ್ನ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುವುದನ್ನು ಅಪಾರ್ಟ್‌ಮೆಂಟಿನವರು ರೂಢಿಸಿಕೊಳ್ಳಬೇಕು. ಬಿಸಿ ಅತಿಯಾಗುತ್ತಿದೆ ಎಂಬುದು ಬೆಕ್ಕಿಗೆ ನಮಗಿಂತ ತಡವಾಗಿ ತಿಳಿಯುವುದರಿಂದ ಪ್ಯಾಡ್ ಎಲ್ಲಕ್ಕಿಂತ ಕಡಿಮೆ ಬಿಸಿಯಲ್ಲಿರಲಿ.

ನಾನು ಹಣ ಹಾಕೆಂದು ಹೇಳುವುದು ಇದರ ಅರ್ಧ ಬೆಲೆಗೆ ಸಿಗುವ ಎತ್ತರದ ನಾಯಿಮಂಚಕ್ಕೆ. ಕಬ್ಬಿಣದ ಪೈಪಿಗೆ ಬಲೆಯಂಥ ಬಟ್ಟೆ ಬಿಗಿದು, ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ನಿಲ್ಲುವ ಈ ಮಂಚ ನೆಲಕ್ಕೂ ಮೈಗೂ ಇರುವ ಸಂಪರ್ಕವನ್ನೇ ಕಡಿದುಹಾಕುತ್ತದೆ. ಮೊಣಕೈಯ ಚರ್ಮ ಗಟ್ಟಿಯಾಗಿ ಜಡ್ಡುಗಟ್ಟುವುದೂ ಕಡಿಮೆಯಾಗುತ್ತದೆ. ಬರಿಯ ಬಲೆಯ ಮೇಲೆ ಮಲಗಿಸಿದರೆ ಕೆಳಗಿನಿಂದ ಗಾಳಿ ಆಡಿ ಇನ್ನಷ್ಟು ಚಳಿಯಾಗುವುದರಿಂದ, ಚಳಿಗಾಲದ ಮಟ್ಟಿಗೆ ಮೇಲೊಂದು ತೆಂಗಿನ ನಾರಿನ ಹಾಸು ಅಥವಾ ಮಡಿಸಿದ ಗೋಣಿಚೀಲ ಬೇಕು. ಟೈಲ್ಸ್ ಮೇಲೆ ಜಾರದಂತೆ ಮಂಚದ ಕಾಲುಗಳಿಗೆ ರಬ್ಬರ್ ಟೊಪ್ಪಿ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಕೀಲು ಸವೆದ ನಾಯಿ ಹತ್ತುವಾಗ ಮಂಚ ಸರಿದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಮೆತ್ತೆಗಳ ಹೊಲಿಗೆಯ ಸಂದುಗಳಲ್ಲಿ ಉಣ್ಣಿಗಳು ಅಡಗುವುದರಿಂದ ಹಾಸು ಯಾವುದೇ ಆಗಿರಲಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಒಳ್ಳೆಯದು. ಪ್ಯಾಡ್‌ನ ಕವರ್ ಈ ಒಗೆತವನ್ನು ಚೆನ್ನಾಗಿ ತಡೆದುಕೊಂಡಿತು ಎಂಬುದನ್ನು ಒಪ್ಪಬೇಕು.

ಅಂಗಡಿಗಳಲ್ಲಿ ತೂಗುವ ಸ್ವೆಟರುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪೊಮೆರೇನಿಯನ್, ಹಸ್ಕಿ, ಲ್ಯಾಬ್ರಡಾರ್‌ಗಳಿಗೆ ಎರಡು ಪದರದ ಕೂದಲಿದೆ, ಕರಾವಳಿಯಲ್ಲಿ ಅವುಗಳಿಗೆ ಸ್ವೆಟರ್ ಹಾಕುವುದು ಫೋಟೋಕ್ಕಾಗಿ ಮಾತ್ರ. ಕೂದಲು ಬೋಳಿಸಿದ, ಕಾಯಿಲೆಯಿಂದ ಸೊರಗಿದ ಪ್ರಾಣಿಗೆ ರಾತ್ರಿ ಹಾಕಿ, ಬಿಸಿಲೇರುವ ಮುನ್ನ ತೆಗೆದರಾಯಿತು.

ಘಟ್ಟದ ಮೇಲೆ ಮಾತು ಬೇರೆ. ಆಗುಂಬೆ ದಾಟಿ ಕೊಪ್ಪ, ಶೃಂಗೇರಿ ಕಡೆಯ ನೆಂಟರ ಮನೆಗೆ ನಾಯಿಯನ್ನು ಕರೆದೊಯ್ಯುವವರು, ಅಲ್ಲಿ ಚಳಿಗಾಲದ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವುದರಿಂದ ಪ್ಯಾಡನ್ನು ಒಯ್ದರೆ ಉಪಯೋಗಕ್ಕೆ ಬರುತ್ತದೆ, ಕರಾವಳಿಯ ಸೆಕೆಗೆ ಒಗ್ಗಿದ ಮುದಿ ನಾಯಿಗಂತೂ ಹೌದು.

ಒಟ್ಟಿನಲ್ಲಿ ಮರಿ ಸಾಕುವವರು, ಏಳಲಾರದ ಪ್ರಾಣಿಯನ್ನು ನೋಡಿಕೊಳ್ಳುವವರು, ಮಲೆನಾಡಿನವರು ಕೊಳ್ಳಬಹುದು. ಉಳಿದವರು ಮಂಚ ತರಲಿ. ಕೊಂಡವರು ಫೆಬ್ರವರಿ ಮುಗಿದು ಎತ್ತಿಡುವಾಗ ಪ್ಯಾಡನ್ನು ಮಡಿಸದೆ ಚಾಪೆ ಸುತ್ತಿದಂತೆ ಸುತ್ತಿಡಬೇಕು, ಮಡಿಸಿದ ಗೆರೆಯಲ್ಲೇ ಒಳಗಿನ ತಂತಿ ಮುರಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಕವರನ್ನು ಬೇರೆಯಾಗಿ ಒಣಗಿಸಿಡಿ. ಮರುವರ್ಷ ಹೊರತೆಗೆದಾಗ ಮೊದಲು ಒಂದು ಗಂಟೆ ಖಾಲಿಯಾಗಿ ಉರಿಸಿ, ಅಂಗೈಯನ್ನು ಎಲ್ಲ ಕಡೆ ಒತ್ತಿ ನೋಡಿ, ಎಲ್ಲಿಯಾದರೂ ಒಂದೇ ಜಾಗ ಉಳಿದದ್ದಕ್ಕಿಂತ ಬಿಸಿಯಾಗಿದ್ದರೆ ಅದನ್ನು ಮತ್ತೆ ಬಳಸಬೇಡಿ.